ಬಸ್ಸಿನ ಲೆಕ್ಕವೋ, ಪ್ರಯಾಣಿಕನ ಲೆಕ್ಕವೋ?

ವ್ಯಾಪಾರದ ಖರ್ಚಿನ ಪಟ್ಟಿಯಲ್ಲಿ ಸರಕು ಸಾಗಾಣಿಕೆಗೆ ಒಂದು ಶೀರ್ಷಿಕೆ ಇರುತ್ತದೆ. ಹಮಾಲಿಗೆ, ತೂಕಕ್ಕೆ, ಅಡತಿಗೆ, ಮಾರುಕಟ್ಟೆ ಶುಲ್ಕಕ್ಕೆ ಒಂದೊಂದು ಶೀರ್ಷಿಕೆ ಇರುತ್ತದೆ. ಮನುಷ್ಯನು ಬಸ್ಸಿಗಾಗಿ ಕಾಯ್ದ ಹೊತ್ತಿಗೆ ಮಾತ್ರ ಯಾವ ಕೀರ್ದಿಯಲ್ಲಿಯೂ ಕಲಮು ಇಲ್ಲ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಪೇಟೆಗಳ ವರ್ತಕರು ಆ ಖರ್ಚನ್ನು ದಿನನಿತ್ಯ ತೆರುತ್ತಿದ್ದಾರೆ. ಹಳ್ಳಿಯಿಂದ ಬರುವ ಗುಮಾಸ್ತನು ಅಂಗಡಿಗೆ ತಲುಪುವ ಸಮಯವನ್ನು ನಿರ್ಧರಿಸುವವನು ಮಾಲೀಕನಲ್ಲ, ಬಸ್ಸು. ಜವಳಿ ಕೊಳ್ಳಲು ಬಂದ ಕುಟುಂಬವು ಇನ್ನೂ ಎರಡು ಸೀರೆ ಬಿಚ್ಚಿಸಿ ನೋಡುವ ಮನಸ್ಸಿದ್ದರೂ ಎದ್ದು ಹೊರಡುವುದು ಊರಿಗೆ ಹೋಗುವ ಕಡೆಯ ಗಾಡಿ ತಪ್ಪೀತೆಂಬ ಆತಂಕದಿಂದ. ತಾಲ್ಲೂಕು ಪೇಟೆಗಳ ಸಂಜೆಯ ವ್ಯಾಪಾರವು ದೀಪದ ಬೆಳಕಿಗಿಂತ ಹೆಚ್ಚಾಗಿ ಬಸ್ಸಿನ ವೇಳೆಯನ್ನು ಅವಲಂಬಿಸಿದೆ.

ಜಿಲ್ಲೆಯ ಭೂಪಟವನ್ನು ಮುಂದಿಟ್ಟುಕೊಂಡರೆ ಸಾರಿಗೆಯ ಸ್ವರೂಪ ತಾನಾಗಿಯೇ ಸ್ಪಷ್ಟವಾಗುತ್ತದೆ. ವಿಜಯಪುರವು ಬಂಡಿಯ ಗಾಲಿಯ ಗುಂಬದಂತೆ ನಡುವೆ ಇದೆ. ಇಂಡಿ ಉತ್ತರಕ್ಕೆ, ಸಿಂದಗಿ ಪೂರ್ವಕ್ಕೆ, ಬಾಗೇವಾಡಿ ಮತ್ತು ಮುದ್ದೇಬಿಹಾಳ ಆಗ್ನೇಯಕ್ಕೆ ಅರಗಳಂತೆ ಚಾಚಿವೆ. 2011ರ ಜನಗಣತಿಯಂತೆ ಈ ನಾಲ್ಕೂ ಪಟ್ಟಣಗಳು ಮೂವತ್ತರಿಂದ ನಲವತ್ತು ಸಾವಿರ ಜನಸಂಖ್ಯೆಯವು, ಒಂದಕ್ಕೊಂದು ಸರಿಸಮಾನ. 2017ರ ನಂತರ ಇವುಗಳ ಒಡಲಿನಿಂದಲೇ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಹೊಸ ತಾಲ್ಲೂಕುಗಳಾಗಿ ಹೊರಬಂದಿವೆ. ಕಚೇರಿಗಳು ಹಂಚಿಹೋದಂತೆ ಜನರ ಓಡಾಟವೂ ಹಂಚಿಹೋಗಿದೆ. ಹಳೆಯ ದಾಖಲೆಗೆ ಒಂದೂರು, ಹೊಸ ದಾಖಲೆಗೆ ಇನ್ನೊಂದೂರು ಎಂಬ ಸ್ಥಿತಿ. ಬಸ್ಸಿನ ಮಾರ್ಗಗಳು ಮಾತ್ರ ಬಹುಮಟ್ಟಿಗೆ ಹಳೆಯ ಗಾಲಿಯ ಅರಗಳ ಮೇಲೆಯೇ ಸಾಗುತ್ತಿವೆ.

ನಾಲತವಾಡದ ರೈತನೊಬ್ಬನು ಲಿಂಬೆಯ ಸಸಿ ತರಲು ಇಂಡಿಗೆ ಹೊರಟನೆಂದು ಭಾವಿಸಬಹುದು. ಭೌಗೋಳಿಕ ಗುರುತು ಪಡೆದಿರುವ ಇಂಡಿಯ ಲಿಂಬೆಗೆ ಹೆಸರಿದೆ. ಲಿಂಬೆ ಅಭಿವೃದ್ಧಿ ಮಂಡಳಿಯೂ ಅಲ್ಲಿಯೇ ಇದೆ. ಅವನು ಮುದ್ದೇಬಿಹಾಳಕ್ಕೆ ಒಂದು, ಅಲ್ಲಿಂದ ವಿಜಯಪುರಕ್ಕೆ ಮತ್ತೊಂದು, ವಿಜಯಪುರದಿಂದ ಇಂಡಿಗೆ ಮೂರನೆಯದು ಎಂದು ಮೂರು ಬಸ್ಸು ಹತ್ತುತ್ತಾನೆ, ಮೂರು ಟಿಕೀಟು ಕೊಳ್ಳುತ್ತಾನೆ. ಬಸ್ಸಿನೊಳಗೆ ಕುಳಿತ ಹೊತ್ತು ಅವನಿಗೆ ಬೇಸರವಲ್ಲ. ದೂರವಿದೆ, ಹೊತ್ತಾಗುತ್ತದೆ ಎಂಬುದನ್ನು ಅವನು ಒಪ್ಪಿಕೊಂಡೇ ಹೊರಟಿರುತ್ತಾನೆ. ಬೇಸರವಾಗುವುದು ನಿಲ್ದಾಣದಲ್ಲಿ. ಮುಂದಿನ ಗಾಡಿ ಹತ್ತು ನಿಮಿಷಕ್ಕೋ ಒಂದೂವರೆ ತಾಸಿಗೋ ಎಂಬುದು ತಿಳಿಯದೆ, ಚಹಾ ಕುಡಿಯಲು ಹೋದರೆ ಬಸ್ಸು ಹೋದೀತು, ಹೋಗದಿದ್ದರೆ ಬಸ್ಸೇ ಬಾರದು ಎಂಬ ತೊಳಲಾಟದಲ್ಲಿ ಕಳೆಯುವ ಹೊತ್ತು ಅದು. ಸಂಚಾರ ನಿಯಂತ್ರಕರ ಕಿಟಕಿಯ ಮುಂದೆ ಸದಾ ನೆರೆದಿರುವ ಜನ ಕೇಳುವ ಪ್ರಶ್ನೆ ಒಂದೇ: "ಯಾವಾಗ ಐತ್ರಿ ಸಾಹೇಬ್ರ ಮುಂದಿನ ಗಾಡಿ?"

ಈ ಕಾಯುವಿಕೆಗೆ ಚಾಲಕ, ನಿರ್ವಾಹಕರಾಗಲಿ ಘಟಕದ ಅಧಿಕಾರಿಗಳಾಗಲಿ ಕಾರಣರೆಂದು ಹೇಳುವುದು ಅನ್ಯಾಯ. ನಾಲ್ಕೂ ಊರುಗಳಲ್ಲಿ ನಿಗಮದ ಘಟಕಗಳಿವೆ, ತಾಳಿಕೋಟೆಯಲ್ಲಿಯೂ ಇದೆ; ಬೆಳಗಿನ ಜಾವದಿಂದ ಗಾಡಿಗಳು ಹೊರಡುತ್ತವೆ. ದೋಷವಿರುವುದು ಲೆಕ್ಕ ಹಾಕುವ ಮಾನದಂಡದಲ್ಲಿ. ಸಾರಿಗೆ ನಿಗಮಗಳ ಲೆಕ್ಕದಲ್ಲಿ ಮೂಲ ಘಟಕವೆಂದರೆ ಬಸ್ಸಿನ ಅನುಸೂಚಿ: ಇಂತಿಷ್ಟು ಕಿಲೋಮೀಟರ್ ಓಡಿತು, ಪ್ರತಿ ಕಿಲೋಮೀಟರಿಗೆ ಇಂತಿಷ್ಟು ಆದಾಯ ಬಂತು, ಇಂತಿಷ್ಟು ವೆಚ್ಚವಾಯಿತು. ಪ್ರತಿಯೊಂದು ಮಾರ್ಗವೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಈ ಲೆಕ್ಕದಲ್ಲಿ ಪ್ರಯಾಣಿಕನೆಂಬುವನೇ ಇಲ್ಲ. ನಾಲತವಾಡದ ರೈತನ ಒಂದು ಪ್ರಯಾಣವು ಅಲ್ಲಿ ಮೂರು ಬೇರೆ ಬೇರೆ ಟಿಕೀಟುಗಳಾಗಿ, ಸಂಬಂಧವೇ ಇಲ್ಲದ ಮೂರು ಅನುಸೂಚಿಗಳ ಜಮೆಯಾಗಿ ಚದುರಿಹೋಗುತ್ತದೆ.

ಇದೇ ಪ್ರಶ್ನೆಯನ್ನು ಅರ್ಧ ಶತಮಾನದ ಹಿಂದೆ ಬೇರೊಂದು ರೀತಿಯಲ್ಲಿ ಬಿಡಿಸಿದ ಊರೊಂದು ದಕ್ಷಿಣ ಅಮೆರಿಕದಲ್ಲಿದೆ. ಬ್ರೆಜಿಲ್ ದೇಶದ ಪರಾನಾ ರಾಜ್ಯದ ರಾಜಧಾನಿ ಕುರಿಟಿಬಾ. ವಾಸ್ತುಶಿಲ್ಪಿ ಜೈಮೆ ಲರ್ನರ್ ಅವರು ಮೇಯರ್ ಆಗಿದ್ದಾಗ, ಸುರಂಗ ರೈಲಿಗೆ ತಗಲುವ ಹಣ ನಗರದ ಬಳಿ ಇಲ್ಲವೆಂಬುದನ್ನು ಒಪ್ಪಿಕೊಂಡು, ರಸ್ತೆಯ ನಡುವಿನ ಪಥವನ್ನು ಬಸ್ಸುಗಳಿಗೇ ಮೀಸಲಿಟ್ಟು 1974ರಲ್ಲಿ ಮೊದಲ ತ್ವರಿತ ಬಸ್ ಮಾರ್ಗವನ್ನು ಆರಂಭಿಸಿದರು. 1991ರಲ್ಲಿ ಗಾಜಿನ ಕೊಳವೆಯಾಕಾರದ ನಿಲ್ದಾಣಗಳು ಬಂದವು. ಪ್ರಯಾಣಿಕನು ಒಳಗೆ ಹೋಗುವಾಗಲೇ ಹಣ ಕೊಟ್ಟು, ಬಸ್ಸಿನ ನೆಲದ ಮಟ್ಟದಲ್ಲಿಯೇ ನಿಂತು, ಬಾಗಿಲು ತೆರೆದೊಡನೆ ಒಳಗೆ ನಡೆದುಬಿಡುವ ವ್ಯವಸ್ಥೆ. ಜಗತ್ತಿನ ಪತ್ರಿಕೆಗಳಲ್ಲಿ ಅಚ್ಚಾಗುವುದು ಆ ಕೊಳವೆಗಳ ಚಿತ್ರವೇ. ಆದರೆ ಲೆಕ್ಕಪತ್ರ ಬಲ್ಲವರು ಗಮನಿಸಬೇಕಾದುದು 1980ರಲ್ಲಿ ಅಲ್ಲಿ ಜಾರಿಗೆ ಬಂದ ಏಕೀಕೃತ ದರವನ್ನು. ಹೊರವಲಯದ ಬಡಾವಣೆಗಳಿಂದ ಜನರನ್ನು ತುಂಬಿಕೊಂಡು ಬರುವ ಕಿತ್ತಳೆ ಬಣ್ಣದ ಪೂರಕ ಬಸ್ಸು ನಿಲ್ದಾಣದೊಳಗೆ ಬಂದು ನಿಲ್ಲುತ್ತದೆ. ಪ್ರಯಾಣಿಕನು ಇಳಿದು, ಅದೇ ಆವರಣದಲ್ಲಿ, ಮತ್ತೆ ಹಣ ಕೊಡದೆ ಕೆಂಪು ಬಣ್ಣದ ತ್ವರಿತ ಬಸ್ಸು ಏರುತ್ತಾನೆ. ಬಸ್ಸು ಓಡಿಸುವವರು ಖಾಸಗಿ ಕಂಪನಿಗಳವರು. ಅವರಿಗೆ ಸಂದಾಯವಾಗುವುದು ಏರಿದ ತಲೆಗಳ ಲೆಕ್ಕದಲ್ಲಿ ಅಲ್ಲ, ಓಡಿದ ಕಿಲೋಮೀಟರುಗಳ ಲೆಕ್ಕದಲ್ಲಿ. ಅಂದರೆ ಕಿತ್ತಳೆ ಬಸ್ಸು ತಾನೇ ಲಾಭ ಮಾಡಬೇಕೆಂಬ ಷರತ್ತು ಅಲ್ಲಿಲ್ಲ. ಅದರ ಕೆಲಸ ಕೆಂಪು ಬಸ್ಸಿಗೆ ಜನರನ್ನು ತಂದುಕೊಡುವುದು.

ಈ ವಿಚಾರವನ್ನು ಜಿಲ್ಲೆಯ ಮಾರ್ಗಕ್ಕೆ ಅನ್ವಯಿಸಿ ನೋಡಲು ಕಲ್ಪಿತ ಅಂಕಿಗಳ ಒಂದು ಲೆಕ್ಕ ಸಾಕು. ಹನ್ನೆರಡು ಕಿಲೋಮೀಟರ್ ಒಳಗಿನ ಹಳ್ಳಿಯೊಂದರಿಂದ ತಾಲ್ಲೂಕು ಪೇಟೆಗೆ ಬರುವ ಒಂದು ಸುತ್ತುವಳಿ. ಪೂರ್ಣ ವೆಚ್ಚ ಕಿಲೋಮೀಟರಿಗೆ 50 ರೂಪಾಯಿಯೆಂದು ಹಿಡಿದರೆ 600 ರೂಪಾಯಿ ಖರ್ಚು. ಇಪ್ಪತ್ತು ಜನ ತಲಾ 15 ರೂಪಾಯಿ ಕೊಟ್ಟರೆ 300 ರೂಪಾಯಿ ಜಮೆ. ಪುಸ್ತಕದ ಪ್ರಕಾರ 300 ರೂಪಾಯಿ ನಷ್ಟ. ಮಾರ್ಗ ರದ್ದತಿಗೆ ಯೋಗ್ಯ. ಆದರೆ ಆ ಇಪ್ಪತ್ತು ಜನರಲ್ಲಿ ಹನ್ನೆರಡು ಮಂದಿ ಪೇಟೆಯಲ್ಲಿ ಇಳಿದು ತಲಾ 65 ರೂಪಾಯಿ ಕೊಟ್ಟು ವಿಜಯಪುರದ ಬಸ್ಸು ಹತ್ತುವವರು. ಹಳ್ಳಿಯ ಬಸ್ಸು ನಿಂತರೆ ಅವರಲ್ಲಿ ಅರ್ಧದಷ್ಟು ಜನ ಮೋಟಾರು ಸೈಕಲ್ಲಿಗೋ ಬಾಡಿಗೆ ಜೀಪಿಗೋ ಹೋದರೆಂದಾದರೆ, ಮುಖ್ಯ ಮಾರ್ಗದಲ್ಲಿ 390 ರೂಪಾಯಿ ಖೋತಾ. ಹಳ್ಳಿಯ ಮಾರ್ಗದ 300 ಸೇರಿ ಒಟ್ಟು 690 ರೂಪಾಯಿ ಹೋಯಿತು. ಉಳಿದದ್ದೆಷ್ಟು? ಚಾಲಕನ ಸಂಬಳ ಉಳಿಯಲಿಲ್ಲ, ಗಾಡಿಯ ಸವಕಳಿ ಉಳಿಯಲಿಲ್ಲ, ಘಟಕದ ಮೇಲ್ವೆಚ್ಚ ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಎರಡೂವರೆ ಲೀಟರಿನಷ್ಟು ಡೀಸೆಲ್, ಸ್ವಲ್ಪ ಟೈರು ಸವೆತ, ಹೆಚ್ಚೆಂದರೆ 250 ರೂಪಾಯಿ. ನಷ್ಟದ ಮಾರ್ಗವನ್ನು ನಿಲ್ಲಿಸಿದ ಸಂಸ್ಥೆಯು 440 ರೂಪಾಯಿ ಹೆಚ್ಚು ನಷ್ಟ ಮಾಡಿಕೊಂಡಿತು!

ಆ ಗಾಡಿಯನ್ನು ಹೆಚ್ಚು ಆದಾಯದ ಮಾರ್ಗಕ್ಕೆ ಹಾಕಬಹುದಲ್ಲವೇ ಎಂಬ ಆಕ್ಷೇಪಣೆ ಸರಿಯಾದದ್ದೇ. ಆದರೆ ಮುಖ್ಯ ರಸ್ತೆಯಲ್ಲಿ ಈಗಾಗಲೇ ಬಸ್ಸುಗಳಿದ್ದಾಗ ಹೊಸ ಗಾಡಿಯ ಗಳಿಕೆಯಲ್ಲಿ ದೊಡ್ಡ ಪಾಲು ಹಿಂದಿನ ಗಾಡಿಯ ಜೇಬಿನಿಂದಲೇ ಬಂದಿರುತ್ತದೆ. ಹೋಲಿಸಬೇಕಾದುದು ಒಟ್ಟು ವಸೂಲಿಯನ್ನಲ್ಲ, ಸಂಸ್ಥೆಗೆ ನಿಜವಾಗಿ ಕೂಡಿಬಂದ ಹೆಚ್ಚುವರಿ ವಸೂಲಿಯನ್ನು. ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿಯೂ ವೆಚ್ಚ ಲೆಕ್ಕಶಾಸ್ತ್ರದ ಪರೀಕ್ಷೆಯಲ್ಲಿ ಬಿಡಿಸುವ ಸಮಸ್ಯೆ ಇದು. ಪರೀಕ್ಷೆ ಮುಗಿದ ಮೇಲೆ ಮರೆತುಹೋಗುವುದೇ ಹೆಚ್ಚು.

ಪ್ರಯಾಣಿಕನ ಲೆಕ್ಕ ಹಿಡಿಯಲು ಮೊದಲು ಸಾಧನವಿರಲಿಲ್ಲ. ಈಗ ಇದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣಿಸುವ ರಾಜ್ಯದ ಮಹಿಳೆಯರಿಗೆ ಶೂನ್ಯ ಟಿಕೀಟು ನೀಡಲಾಗುತ್ತದೆ. ಆ ಟಿಕೀಟಿನ ಮೌಲ್ಯವನ್ನು ಸರಕಾರ ನಿಗಮಗಳಿಗೆ ಭರಿಸಬೇಕಾಗುತ್ತದೆ. ಆದ್ದರಿಂದ ಎಲ್ಲಿ ಹತ್ತಿದರು, ಎಲ್ಲಿಗೆ ಟಿಕೀಟು ಪಡೆದರು ಎಂಬುದು ನಿರ್ವಾಹಕರ ಯಂತ್ರದಲ್ಲಿ ದಾಖಲಾಗುತ್ತಿದೆ. ಯೋಜನೆಯ ಬಗ್ಗೆ ವರ್ತಕ ವಲಯದಲ್ಲಿ ಭಿನ್ನಾಭಿಪ್ರಾಯಗಳಿವೆ, ಇರಲಿ. ಆದರೆ ಹಳ್ಳಿಯ ಹೆಣ್ಣುಮಗಳು ಸ್ವತಃ ಪೇಟೆಗೆ ಬಂದು, ದರ ಕೇಳಿ, ಕೊಂಡು ಹೋಗುವುದು ಹೆಚ್ಚಾಗಿರುವುದನ್ನು ಕಿರಾಣಿ, ಬಳೆ, ಪಾತ್ರೆ ಅಂಗಡಿಯವರು ಅಲ್ಲಗಳೆಯಲಾರರು. ಯಂತ್ರದಲ್ಲಿ ಬಿದ್ದಿರುವ ಈ ದಾಖಲೆಯಲ್ಲಿ ಒಂದೇ ಕೊರತೆ: ಬೆಳಿಗ್ಗೆ ಒಂಬತ್ತಕ್ಕೆ ಸಿಂದಗಿಯಲ್ಲಿ ಇಳಿದವರು, ಹತ್ತೂಕಾಲಕ್ಕೆ ಅಲ್ಲಿಂದಲೇ ಇನ್ನೊಂದು ಬಸ್ಸು ಹತ್ತಿದವರು ಒಬ್ಬರೇ ಎಂಬುದು ಅದಕ್ಕೆ ತಿಳಿಯದು. ಮಾರ್ಗ ಬದಲಿಸಲು ಒಂದೇ ಜೋಡು ಟಿಕೀಟು ಕೊಡುವ ಪದ್ಧತಿ ಬಂದರೆ ಆ ಕೊರತೆಯೂ ನೀಗುತ್ತದೆ. ಶೂನ್ಯ ಟಿಕೀಟಿನಲ್ಲಿ ಇದನ್ನು ಜಾರಿಗೆ ತರಲು ದರದ ತಕರಾರೂ ಇಲ್ಲ. ಹಣ ಕೊಟ್ಟು ಪ್ರಯಾಣಿಸುವ ಗಂಡಸರಿಗೆ, ಅದರಲ್ಲಿಯೂ 2025ರ ಜನವರಿ 5ರಿಂದ ದರ ಶೇ. 15ರಷ್ಟು ಏರಿದ ಮೇಲೆ, ಎರಡನೆಯ ಬಸ್ಸಿನಲ್ಲಿ ಅಷ್ಟಿಷ್ಟು ರಿಯಾಯಿತಿ ದೊರೆತರೂ ಅದು ದೊಡ್ಡ ಆಕರ್ಷಣೆಯಾದೀತು.

ನಿಲ್ದಾಣದ ಹೊರಗಿನ ನೋಟವನ್ನೂ ಗಮನಿಸಬೇಕು. ಕ್ರೂಸರ್ ಜೀಪುಗಳು, ಟಂಟಂಗಳು ಗೇಟಿನ ಆಸುಪಾಸಿನಲ್ಲಿಯೇ ನಿಂತು ಊರುಗಳ ಹೆಸರನ್ನು ಕೂಗುತ್ತಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪ್ರತಿ ತಲೆಗೆ ಬೇರೆ ಬೇರೆ ದರ ಪಡೆದು ದಾರಿಯುದ್ದಕ್ಕೂ ಹತ್ತಿಸಿ ಇಳಿಸುವ ವಾಹನಕ್ಕೆ ಒಂದು ಬಗೆಯ ಪರವಾನಗಿ, ಒಟ್ಟಾಗಿ ಬಾಡಿಗೆಗೆ ಗೊತ್ತುಮಾಡಿದ ವಾಹನಕ್ಕೆ ಇನ್ನೊಂದು ಬಗೆ. ಈ ಭೇದ ರಸ್ತೆಯ ಮೇಲೆ ಅಳಿಸಿಹೋಗಿದೆ. ಅಪಘಾತವಾದಾಗ ಮಾತ್ರ ಅದು ಥಟ್ಟನೆ ನೆನಪಿಗೆ ಬರುತ್ತದೆ, ವಿಮೆಯ ಪರಿಹಾರ ಕೇಳಲು ಹೋದ ಮನೆಯವರಿಗೆ. ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿಯೂ ಹೀಗೆಯೇ ಇತ್ತು. ಅಲ್ಲಿ ಚಾಲಕನ ಗಳಿಕೆ ಹತ್ತಿಸಿಕೊಂಡ ಜನರ ಸಂಖ್ಯೆಯ ಮೇಲೆ ನಿಂತಿದ್ದರಿಂದ ಬಸ್ಸುಗಳು ಪ್ರಯಾಣಿಕರಿಗಾಗಿ ರಸ್ತೆಯಲ್ಲಿಯೇ ಪೈಪೋಟಿಗಿಳಿಯುತ್ತಿದ್ದವು. ಊರಿನವರು ಅದನ್ನು ಕಾಸಿನ ಕಾಳಗವೆಂದೇ ಕರೆಯುತ್ತಿದ್ದರು. 2000ದ ಡಿಸೆಂಬರಿನಲ್ಲಿ, ಎನ್ರಿಕೆ ಪೆನ್ಯಲೋಸಾ ಮೇಯರ್ ಆಗಿದ್ದಾಗ, ಅಲ್ಲಿ ಟ್ರಾನ್ಸ್‌ಮಿಲೇನಿಯೊ ಬಸ್ ವ್ಯವಸ್ಥೆ ಆರಂಭವಾಯಿತು. ಜಿಲ್ಲೆಯ ಟಂಟಂನವರನ್ನು ಓಡಿಸುವುದು ಪರಿಹಾರವಲ್ಲ. ಅವರು ಹೋಗುವ ಹಳ್ಳಿಗೆ ಬೇರಾರೂ ಹೋಗುವುದಿಲ್ಲ. ಆದರೆ ಮುಖ್ಯ ಮಾರ್ಗದಲ್ಲಿ ಬಸ್ಸಿನ ಮುಂದೆ ಮುಂದೆ ಓಡಿ ಜನರನ್ನು ತುಂಬಿಕೊಳ್ಳುವ ಬದಲು, ಕ್ರಾಸಿನಿಂದ ಒಳಗಿನ ಊರಿಗೆ ಗೊತ್ತಾದ ವೇಳೆಯಲ್ಲಿ ಓಡುವ ಕಿತ್ತಳೆ ಬಸ್ಸಿನ ಕೆಲಸವನ್ನು ಪರವಾನಗಿಯೊಡನೆ ಅವರಿಗೆ ವಹಿಸಲು ಸಾಧ್ಯವೇ ಎಂಬುದನ್ನು ಸಾರಿಗೆ ಪ್ರಾಧಿಕಾರ ಪರಿಶೀಲಿಸಬಹುದು.

ದಕ್ಷಿಣ ಅಮೆರಿಕದ ಮಾದರಿಯೆಂದೊಡನೆ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸು ನೆನಪಾಗುವುದು ಸಹಜ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಲಾರಂಭಿಸಿ 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ, ಸುಮಾರು 22 ಕಿಲೋಮೀಟರ್ ಉದ್ದದ ಆ ಮೀಸಲು ಪಥವು ಕುರಿಟಿಬಾದ ವಂಶಕ್ಕೇ ಸೇರಿದ್ದು. ಅಂಥ ಪಥವನ್ನು ಸಿಂದಗಿಗೋ ಬಾಗೇವಾಡಿಗೋ ಕೇಳುವುದು ಅವಿವೇಕ. ಕುರಿಟಿಬಾವನ್ನೂ ಸ್ವರ್ಗವೆಂದು ಬಗೆಯಬೇಕಾಗಿಲ್ಲ: ಅಷ್ಟೆಲ್ಲ ಬಸ್ಸುಗಳಿದ್ದೂ ಆ ಊರು ಬ್ರೆಜಿಲಿನಲ್ಲಿಯೇ ಅತಿ ಹೆಚ್ಚು ಕಾರುಗಳಿರುವ ನಗರಗಳ ಸಾಲಿನಲ್ಲಿದೆ, ಬೊಗೊಟಾದ ಬಸ್ಸುಗಳ ನೂಕುನುಗ್ಗಲು ಕುಖ್ಯಾತವಾಗಿದೆ. ಕಾಂಕ್ರೀಟು, ಗಾಜುಗಳಿಗೆ ಕೋಟಿಗಟ್ಟಲೆ ಬೇಕು. ಬಸ್ಸಿಗೆ ಬಸ್ಸು ಕೂಡಿಸುವುದಕ್ಕೆ ಬೇಕಾದದ್ದು ಒಂದು ವೇಳಾಪಟ್ಟಿ, ಒಂದು ಟಿಕೀಟು.

ಬಸ್ಸಿಗೆ ರೈಲು ಕೂಡಿಸುವುದು ಇನ್ನೂ ಹಳೆಯ ಸಮಸ್ಯೆ. 1876–78ರ ಭೀಕರ ಬರದ ನಂತರ ಹಾಕಲಾದ ಗದಗ–ಹೊಟಗಿ ರೈಲುಮಾರ್ಗವು 1884ರಿಂದ ಈ ಭಾಗದಲ್ಲಿದೆ. ಆ ಮಾರ್ಗದ ಮೇಲೆ ಇಂಡಿ ರೋಡ್ ಎಂಬ ನಿಲ್ದಾಣವಿದೆ, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣವಿದೆ. ಹೆಸರಿನ ಕೊನೆಯ 'ರೋಡ್' ಎಂಬ ಶಬ್ದವೇ ಎಚ್ಚರಿಕೆಯ ಗಂಟೆ: ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಇಲ್ಲಿದೆ! ಸಿಂದಗಿ ಮತ್ತು ಮುದ್ದೇಬಿಹಾಳಗಳಿಗೆ ಆ ರಸ್ತೆಯ ಭಾಗ್ಯವೂ ಇಲ್ಲ. ಅಲ್ಲಿಗೆ ರೈಲೇ ಬಂದಿಲ್ಲ. ವಿಜಯಪುರದಲ್ಲಿ ರೈಲು ನಿಲ್ದಾಣವು ಗೋಳಗುಮ್ಮಟದ ಮಗ್ಗುಲಲ್ಲಿ, ಕೇಂದ್ರ ಬಸ್ ನಿಲ್ದಾಣವು ಊರಿನ ಇನ್ನೊಂದು ಭಾಗದಲ್ಲಿ. ರೈಲಿನ ವೇಳೆ ಗೊತ್ತುಮಾಡುವ ವಿಭಾಗೀಯ ಕಚೇರಿ ಹುಬ್ಬಳ್ಳಿಯಲ್ಲಿ, ಬಸ್ಸಿನ ನಿಗಮದ ಕೇಂದ್ರ ಕಚೇರಿ ಕಲಬುರಗಿಯಲ್ಲಿ, ಕಂದಾಯ ವಿಭಾಗದ ಕೇಂದ್ರ ಬೆಳಗಾವಿಯಲ್ಲಿ. ಕೃಷ್ಣೆಯನ್ನು ದಾಟಿ ಬಾಗಲಕೋಟೆ ಜಿಲ್ಲೆಗೆ ಕಾಲಿಟ್ಟರೆ ಬಸ್ಸಿನ ನಿಗಮವೇ ಬೇರೆ. ಭೀಮೆಯನ್ನು ದಾಟಿ ಸೊಲ್ಲಾಪುರದ ಕಡೆ ಹೋದರೆ ರಾಜ್ಯವೇ ಬೇರೆ. ಇಷ್ಟು ಕಚೇರಿಗಳ ನಡುವೆ, ರಾತ್ರಿ ಗಾಡಿ ಇಳಿದು ಇಂಡಿ ರೋಡ್‌ನಲ್ಲಿ ಗಂಟುಮೂಟೆಯೊಂದಿಗೆ ನಿಂತವನನ್ನು ಊರು ಮುಟ್ಟಿಸುವುದು ಯಾರ ಕರ್ತವ್ಯವೆಂದು ಯಾವ ಕಡತದಲ್ಲಿಯೂ ಬರೆದಿಲ್ಲ.

ಹಾಗೆಂದು ಕೂಡಿಸುವ ಬುದ್ಧಿ ಈ ನೆಲಕ್ಕೆ ಹೊಸದಲ್ಲ. ವಸ್ತಿ ಬಸ್ಸಿಗಿಂತ ಒಳ್ಳೆಯ ಉದಾಹರಣೆ ಬೇಕೇ? ರಾತ್ರಿ ಕಡೆಯ ಗಾಡಿಯಾಗಿ ಹಳ್ಳಿಗೆ ಬಂದು, ಗುಡಿಯ ಮುಂದೆಯೋ ಚಾವಡಿಯ ಬಳಿಯೋ ತಂಗಿ, ಮೂಡಣ ಬೆಳಗಾಗುವ ಮೊದಲೇ ಹಾಲಿನ ಕ್ಯಾನು, ಕಾಯಿಪಲ್ಲೆಯ ಬುಟ್ಟಿ, ಕಾಲೇಜಿನ ಹುಡುಗರು, ಕೋರ್ಟಿನ ತಾರೀಖಿಗೆ ಹೊರಟವರು ಎಲ್ಲರನ್ನೂ ತುಂಬಿಕೊಂಡು ಪೇಟೆಗೆ ಹೊರಡುವ ಬಸ್ಸು ಅದು. ಚಾಲಕ, ನಿರ್ವಾಹಕರಿಗೆ ಊರಿನವರೇ ಊಟ ಕೊಟ್ಟು, ಮಲಗಲು ಜಾಗ ತೋರಿಸುತ್ತಿದ್ದ ಕಾಲವಿತ್ತು. ಯಾವುದೋ ಊರಿನಲ್ಲಿ ಬಸ್ಸು ತಡವಾದರೆ ಎಬ್ಬಿಸಲು ಹೋಗುತ್ತಿದ್ದವರು ಗೌಡರೇ! ಆ ಬಸ್ಸಿನ ವೇಳೆ ನಿರ್ಧಾರವಾದದ್ದು ಕಿಲೋಮೀಟರಿನ ಆದಾಯದಿಂದಲ್ಲ. ಪೇಟೆಯಲ್ಲಿ ಸವಾಲು ಯಾವಾಗ, ಶಾಲೆಯ ಗಂಟೆ ಯಾವಾಗ, ವಿಜಯಪುರದ ಮೊದಲ ಗಾಡಿ ಯಾವಾಗ ಎಂಬ ಜನರ ದಿನಚರಿಯಿಂದ. ವಸ್ತಿ ಬಸ್ಸು ಬೆಳಿಗ್ಗೆ ಒಮ್ಮೆ ಮಾಡುವ ಕೆಲಸವನ್ನು ದಿನದುದ್ದಕ್ಕೂ ಮಾಡುವ ವ್ಯವಸ್ಥೆ ಬೇಕಾಗಿದೆ, ಅಷ್ಟೇ.

ಅದಕ್ಕೆ ತೀರ ಚಿಕ್ಕದೊಂದು ಪ್ರಯೋಗ ಸಾಕು. ನಾಲ್ಕು ಪೇಟೆಗಳಲ್ಲಿ ಒಂದನ್ನು ಆರಿಸಿ, ಆರು ತಿಂಗಳ ಮಟ್ಟಿಗೆ, ವಿಜಯಪುರದ ಬಸ್ಸುಗಳನ್ನು ಪ್ರತಿ ತಾಸಿನ ಅದೇ ನಿಮಿಷಕ್ಕೆ ಹೊರಡಿಸುವುದು. ನೆನಪಿಟ್ಟುಕೊಳ್ಳಲು ಜನರಿಗೆ ಪಟ್ಟಿಯೂ ಬೇಕಾಗುವುದಿಲ್ಲ. ಅದಕ್ಕೆ ಹತ್ತು ನಿಮಿಷ ಮೊದಲು ಹಳ್ಳಿಗಳ ಗಾಡಿಗಳು ನಿಲ್ದಾಣ ಸೇರುವಂತೆ, ಅದು ಬಂದು ಹತ್ತು ನಿಮಿಷಕ್ಕೆ ಹಳ್ಳಿಗಳಿಗೆ ಹೊರಡುವಂತೆ ಹೊಂದಿಸುವುದು. ಇಂಡಿ ಆಯ್ಕೆಯಾದರೆ ಇಂಡಿ ರೋಡ್ ರೈಲುಗಳ ವೇಳೆಯನ್ನೂ ಜೊತೆಗೆ ಹೆಣೆಯಬಹುದು. ಆರು ತಿಂಗಳ ಕೊನೆಗೆ ಒಂದೊಂದು ಅನುಸೂಚಿಯ ಆದಾಯವನ್ನಲ್ಲ, ಇಡೀ ಪೇಟೆಯ ಗಾಡಿಗಳ ಒಟ್ಟು ಆದಾಯವನ್ನು ಹಿಂದಿನ ವರ್ಷದ ಅದೇ ಆರು ತಿಂಗಳೊಂದಿಗೆ, ಶೂನ್ಯ ಟಿಕೀಟಿನ ಮೌಲ್ಯವನ್ನೂ ಸೇರಿಸಿ ಹೋಲಿಸುವುದು. ನಷ್ಟ ಕಂಡುಬಂದರೆ ಹಳೆಯ ವೇಳೆಗೆ ಮರಳಲು ಯಾರ ಅಡ್ಡಿಯೂ ಇಲ್ಲ.

ಇಂಥ ಪ್ರಯೋಗವನ್ನು ನಿಗಮದ ಹೆಗಲಿಗೆ ಮಾತ್ರ ಹೊರಿಸಿ ವರ್ತಕರು ಕೈಕಟ್ಟಿ ಕೂಡುವಂತಿಲ್ಲ. ಲಿಂಬೆಯ ಸವಾಲು ಯಾವ ಹೊತ್ತಿಗೆ ಮುಗಿಯುತ್ತದೆ, ತೊಗರಿಯ ಸುಗ್ಗಿಯಲ್ಲಿ ಹಮಾಲರು ಎಷ್ಟು ಹೊತ್ತಿಗೆ ಮನೆಗೆ ಹೊರಡುತ್ತಾರೆ, ಜವಳಿ ಅಂಗಡಿಯ ಹೆಣ್ಣುಮಕ್ಕಳು ಯಾವ ಯಾವ ಊರಿನವರು, ಸಂತೆಯ ದಿನ ಜನ ಎಲ್ಲಿಂದ ಬರುತ್ತಾರೆ ಎಂಬ ಮಾಹಿತಿ ಘಟಕದ ವ್ಯವಸ್ಥಾಪಕರ ಬಳಿ ಇಲ್ಲ. ಅದು ಪೇಟೆಯವರ ಬಳಿ ಇದೆ. ಪ್ರತಿ ಅಂಗಡಿಯವರು ತಮ್ಮ ನೌಕರರ ಊರು ಮತ್ತು ಹೊರಡುವ ವೇಳೆಯನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಒಂದು ವಾರದಲ್ಲಿ ಆ ಪಟ್ಟಿ ಸಿದ್ಧವಾಗುತ್ತದೆ. 2021ರ ಫೆಬ್ರವರಿಯಲ್ಲಿ ಆರಂಭವಾದ 'ನಮ್ಮ ಕಾರ್ಗೋ' ಸೇವೆಗೆ ಪೇಟೆಯ ಚಿಕ್ಕ ಪಾರ್ಸಲುಗಳನ್ನು ಒಗ್ಗೂಡಿಸಿ ಕೊಟ್ಟರೆ, ಮಧ್ಯಾಹ್ನ ಅರೆಖಾಲಿ ಓಡುವ ಗಾಡಿಗೆ ಜನರ ಟಿಕೀಟಿನ ಜೊತೆಗೆ ಸರಕಿನ ಜಮೆಯೂ ದೊರೆತೀತು. ಮುದ್ದೇಬಿಹಾಳದ ಔಷಧಿ ಅಂಗಡಿಯವನಿಗೆ ಬೇಕಾದ ಒಂದು ಡಬ್ಬಿ, ಸಿಂದಗಿಯ ಗ್ಯಾರೇಜಿಗೆ ಬೇಕಾದ ಒಂದು ಬೇರಿಂಗು, ಇವಕ್ಕಾಗಿ ಆಳೊಬ್ಬನನ್ನು ವಿಜಯಪುರಕ್ಕೆ ಕಳಿಸುವ ಒಂದು ದಿನದ ಕೂಲಿಯನ್ನು ಹಿಡಿದರೆ ಆ ಸೇವೆಯ ದರ ಹೆಚ್ಚೆನಿಸದು.

ಪಟ್ಟಿ ಸಿದ್ಧವಾದ ಮೇಲೆ ಅದನ್ನು ವಿಭಾಗೀಯ ನಿಯಂತ್ರಣಾಧಿಕಾರಿಗಳ ಮುಂದೆ ಇಡಬೇಕಾದ ಕಾಲವೂ ಮುಖ್ಯ. ಜೂನ್ ತಿಂಗಳಲ್ಲಿ ಶಾಲೆ ಕಾಲೇಜುಗಳು ತೆರೆದು ವಿದ್ಯಾರ್ಥಿಗಳ ಪಾಸಿನ ಗದ್ದಲ ಎದ್ದ ಮೇಲೆ ವೇಳಾಪಟ್ಟಿಯನ್ನು ಮುಟ್ಟಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅದಕ್ಕೆ ಮುಂಚೆಯೇ, ಬೇಸಿಗೆಯ ಬಿಡುವಿನಲ್ಲಿ, ನಾಲ್ಕೂ ಪೇಟೆಗಳ ವರ್ತಕರು ಒಟ್ಟಾಗಿ ಹೋಗುವುದು ಲೇಸು. ಹೋಗುವಾಗ ಕಾರಿನಲ್ಲಿ ಹೋಗದೆ ಆಯಾ ಊರಿನಿಂದ ಬಸ್ಸಿನಲ್ಲಿಯೇ ಹೊರಟು, ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತು ಕಾಯಬೇಕಾಯಿತೆಂಬುದನ್ನು ಬರೆದುಕೊಂಡು ಹೋದರೆ ಮನವಿಯ ಜೊತೆಗೆ ಲಗತ್ತಿಸಲು ಒಂದು ದಾಖಲೆಯೂ ಆಗುತ್ತದೆ.